ಸೀಲ್‌ಗಳ ಬಾಣಂತನಕ್ಕೆ ಒಂದು ದ್ವೀಪ

ಗ್ರೀಸ್‌ನ ಅಲೋನಿಸೋಸ್‌ನಲ್ಲಿ ದೋಣಿ ಹತ್ತಿದರೆ ಅಕ್ಕಪಕ್ಕದ ಎಷ್ಟೋ ದ್ವೀಪಗಳನ್ನು ಸುತ್ತಿ ಬರಬಹುದು, ಪಿಪೇರಿ ಒಂದನ್ನು ಬಿಟ್ಟು. ಅದರ ಸುತ್ತ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಯಾರೂ ಕಾಲಿಡುವಂತಿಲ್ಲ. ಅಲ್ಲೇನು ಚಿನ್ನ ಹೂತಿಟ್ಟಿದ್ದಾರಾ? ಇಲ್ಲ, ಗುಹೆಗಳಿವೆ. ಅಲ್ಲಿ ಮೆಡಿಟರೇನಿಯನ್ ಮಾಂಕ್ ಸೀಲ್‌ಗಳು ಮರಿ ಹಾಕುತ್ತವೆ.

ಈ ಸೀಲ್‌ಗಾಗಿಯೇ 1992ರಲ್ಲಿ ಇಲ್ಲಿ ಗ್ರೀಸ್‌ನ ಮೊದಲ ಸಾಗರ ಉದ್ಯಾನ ಹುಟ್ಟಿತು. ವಿಸ್ತೀರ್ಣ 2,200 ಚದರ ಕಿಲೋಮೀಟರ್‌ಗೂ ಜಾಸ್ತಿ, ಅದರಲ್ಲಿ ಬಹುಪಾಲು ಬರೀ ನೀರು.

ಗುಹೆಯ ಬಾಯಿ ಕೆಲವು ಕಡೆ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ತಾಯಿ ಮುಳುಗಿ ಒಳಗೆ ಹೋಗಿ ಕತ್ತಲಲ್ಲಿ ತಲೆ ಎತ್ತಿದರೆ ಮುಂದೆ ಬೆಣಚುಕಲ್ಲಿನ ಪುಟ್ಟ ದಂಡೆ. ಅದರ ಮೇಲೆ ಮೀಟರ್ ಉದ್ದದ ಮರಿ, ಮೈತುಂಬ ಕಪ್ಪು ಉಣ್ಣೆಯಂಥ ಕೂದಲು, ಹೊಟ್ಟೆ ಮೇಲೆ ಮಾತ್ರ ಬಿಳಿ ಮಚ್ಚೆ. ಆ ಮಚ್ಚೆ ಗಂಡಿಗೊಂಥರಾ, ಹೆಣ್ಣಿಗೊಂಥರಾ. ಒಂದರ ಹಾಗೆ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ ಸಂಶೋಧಕರು ಅದನ್ನು ನೋಡಿಯೇ ಯಾವ ಮರಿ ಯಾವುದು ಅಂತ ಗುರುತು ಹಿಡಿಯುತ್ತಾರೆ. ತಾಯಿ ಮೀನು ಹುಡುಕಿ ಹೊರಟರೆ ಮರಿ ಒಂಟಿ. ಹೆರಿಗೆ ಹೆಚ್ಚಾಗಿ ಆಗುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಬಿರುಗಾಳಿ ಶುರುವಾಗುವ ಹೊತ್ತಿಗೇ. ದೊಡ್ಡ ಅಲೆ ಒಳಗೆ ನುಗ್ಗಿದರೆ ಮರಿಯನ್ನು ಎಳೆದುಕೊಂಡೇ ಹೋಗುತ್ತದೆ.

ಇಂಥ ಜಾಗವನ್ನು ಯಾವ ತಾಯಿ ಇಷ್ಟಪಟ್ಟು ಆರಿಸಿಕೊಳ್ಳುತ್ತಾಳೆ, ಅಲ್ವಾ? ಹಿಂದೆ ಇವು ಬಯಲು ದಂಡೆಯಲ್ಲೇ ಮಲಗುತ್ತಿದ್ದವು. ಚರ್ಮಕ್ಕೆ, ಎಣ್ಣೆಗೆ ಅಂತ ಮನುಷ್ಯ ಬೇಟೆಯಾಡಿದ, ಉಳಿದವು ಗುಹೆ ಸೇರಿಕೊಂಡವು. ಆಮೇಲೆ ಮೀನುಗಾರರ ಸಿಟ್ಟು. ಅದನ್ನು ಸುಮ್ನೆ ತಳ್ಳಿಹಾಕಲಾಗದು: 300 ಕಿಲೋವರೆಗೂ ತೂಗುವ ಪ್ರಾಣಿ ಬಲೆ ಹರಿದು ಮೀನು ತಿಂದು ಹೋದರೆ, ಸಣ್ಣ ದೋಣಿಯವನಿಗೆ ಅಂದಿನ ದುಡಿಮೆಯೂ ಹೋಯಿತು, ಬಲೆಯೂ ಹೋಯಿತು.

ಈಗ ಸ್ಥಿತಿ ಸುಧಾರಿಸಿದೆ. ಒಂದು ಕಾಲಕ್ಕೆ ಅಳಿದುಹೋಗುವ 'ತೀವ್ರ ಅಪಾಯ'ದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದ್ದ ಈ ಸೀಲ್ 2015ರಲ್ಲಿ ಒಂದು ಮೆಟ್ಟಿಲು, 2023ರಲ್ಲಿ ಇನ್ನೊಂದು ಮೆಟ್ಟಿಲು ಆಚೆ ಬಂತು. ಹಾಗಂತ ಸಂಖ್ಯೆ ಲಕ್ಷಗಟ್ಟಲೆ ಏನಿಲ್ಲ, ಜಗತ್ತಿನಲ್ಲಿರುವುದೆಲ್ಲ ಸೇರಿ ಸಾವಿರದ ಆಸುಪಾಸು.

ನನಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ಈ ಉದ್ಯಾನದಿಂದ ದೂರದಲ್ಲಿರುವ ಗ್ಯಾರೋಸ್ ದ್ವೀಪ. ಹಿಂದೆ ರಾಜಕೀಯ ಕೈದಿಗಳನ್ನು ಕೂಡಿಹಾಕುತ್ತಿದ್ದ ಜಾಗ ಅದು. 1974ರ ನಂತರ ಅದು ಖಾಲಿ ಬಿತ್ತು. ಅಲ್ಲಿನ ಸೀಲ್‌ಗಳು ಗುಹೆ ಬಿಟ್ಟು ಬಂದು ಬಯಲು ದಂಡೆಯಲ್ಲಿ ಬಿಸಿಲು ಕಾಯಿಸಿಕೊಂಡು ಮಲಗಿರುತ್ತವೆ.