ಎರೆ, ಮಸಾರಿ, ಮಂಜುಗಡ್ಡೆ: ಓಟದ ನಾಯಿಯ ಕಾಲಡಿಯ ನೆಲ

ಮೊಲದ ಬೇಟೆಗೆ ಹೆಸರಾದ ಮುಧೋಳ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದರೆ ನಾನು ಮೊದಲು ಎತ್ತಿ ನೋಡುವುದು ಅದರ ಪಾದವನ್ನು. ಹಿಂಗಾರಿ ಜೋಳದ ಕೊಯ್ಲು ನಡೆದಿದ್ದ ದಿನಗಳಲ್ಲಿ ಒಮ್ಮೆ ಯುವಕನೊಬ್ಬ ತನ್ನ ಎರಡು ವರ್ಷದ ಗಂಡು ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ. "ಮನೆಯ ಮೆಟ್ಟಿಲ ಮೇಲೆ ಜಾರಿತು, ಸಾಹೇಬರೇ" ಎಂದ. ಮುಂಗಾಲಿನ ಎರಡು ಬೆರಳುಗಳ ನಡುವಿನ ಚರ್ಮ ಸೀಳಿತ್ತು. ಮಣಿಕಟ್ಟಿನ ಹಿಂದೆ ಇರುವ ಪುಟ್ಟ ಮೆತ್ತೆ ಸುಲಿದು ಕೆಂಪಾಗಿತ್ತು. ಸೀಳಿನೊಳಗೆ ಚಿಮಟ ಹಾಕಿ ಎಳೆದರೆ ಬಂದದ್ದು ಅರ್ಧ ಅಂಗುಲ ಉದ್ದದ ಜೋಳದ ಕೂಳೆಯ ಸಿಬಿರು. ಮೆಟ್ಟಿಲ ಮೇಲೆ ಯಾರೂ ಜೋಳ ಬಿತ್ತುವುದಿಲ್ಲ. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂದು ಹೊಲಿಗೆ ಹಾಕುತ್ತಲೇ ಅವನಿಗೆ ಹೇಳಿದೆ. ಅವನು ಗೋಡೆ ನೋಡುತ್ತಾ ನಿಂತ.

ಆ ಪುಟ್ಟ ಮೆತ್ತೆಯೇ ನನಗೆ ದೊಡ್ಡ ಸಾಕ್ಷಿ. ನಡೆಯುವಾಗ ಅದು ನೆಲಕ್ಕೆ ತಾಗುವುದೇ ಇಲ್ಲ. ನಾಯಿ ಪೂರ್ತಿ ವೇಗದಲ್ಲಿ ಓಡುತ್ತಾ ಥಟ್ಟನೆ ತಿರುಗಿದಾಗ ಅಥವಾ ವೇಗಕ್ಕೆ ತಡೆ ಹಾಕಿದಾಗ ಮಣಿಕಟ್ಟು ಹಿಂದಕ್ಕೆ ಬಾಗಿ ನೆಲ ಮುಟ್ಟುತ್ತದೆ. ಗಟ್ಟಿ ನೆಲವಾದರೆ ಅಲ್ಲಿ ಚರ್ಮ ಉಳಿಯುವುದಿಲ್ಲ.

ನೇರ ಓಟದಲ್ಲಿ ಈ ಜಾತಿಯ ನಾಯಿಗೆ ಮೊಲ ಸಮನಲ್ಲ. ಇಂಗ್ಲೆಂಡಿನ ಓಟದ ನಾಯಿ ಗ್ರೇಹೌಂಡ್ ಆಗಲಿ ನಮ್ಮ ಮುಧೋಳವಾಗಲಿ, ಒಂದೇ ನೆಗೆತದ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲುಗಳನ್ನು ನೆಲದಿಂದ ಬಿಡಿಸಿಕೊಂಡು ಗಾಳಿಯಲ್ಲಿರುತ್ತವೆ. ಗ್ರೇಹೌಂಡಿನ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಮೊಲ ಬದುಕುವುದು ತಿರುವಿನಲ್ಲಿ. ಅದು ಒಂದು ಮಾರು ಜಾಗದಲ್ಲಿ ಮಗ್ಗುಲು ಬದಲಿಸಿದರೆ, ಅದರ ಹತ್ತು ಪಟ್ಟು ತೂಗುವ ನಾಯಿ ಮುಂದಕ್ಕೆ ಹೋಗಿ ಅಗಲವಾಗಿ ಸುತ್ತಿ ಬರಬೇಕು. ಓಟದ ಟ್ರ್ಯಾಕಿನ ತಿರುವಿನಲ್ಲಿ ಅಳೆದು ನೋಡಿದಾಗ ಗ್ರೇಹೌಂಡಿನ ಕಾಲುಗಳ ಮೇಲೆ ಬೀಳುವ ಭಾರ ಸುಮಾರು 65 ಶೇಕಡಾ ಹೆಚ್ಚಿತ್ತು. ಅಂದರೆ 30 ಕಿಲೋ ನಾಯಿ ಆ ಕ್ಷಣಕ್ಕೆ 50 ಕಿಲೋ ತೂಗುತ್ತದೆ. ಟ್ರ್ಯಾಕಿನ ತಿರುವು ಉದಾರವಾದದ್ದು. ಮೊಲದ ತಿರುವಿಗೆ ಆ ಉದಾರತೆ ಇಲ್ಲ. ಅಷ್ಟು ಭಾರವನ್ನು ತಡೆದುಕೊಳ್ಳುವುದು ನೆಲದ ಹಿಡಿತ. ಹಿಡಿತ ಸಾಲದಿದ್ದರೆ ನಾಯಿ ಜಾರಿ ಮೊಲವನ್ನು ಕಳೆದುಕೊಳ್ಳುತ್ತದೆ, ಅಷ್ಟೇ. ಹಿಡಿತ ಅತಿಯಾಗಿ, ಊರಿದ ಕಾಲು ಕೊಂಚವೂ ಸರಿಯದೆ ನಿಂತರೆ, ಆ ಬಲವೆಲ್ಲ ಕೀಲು ಮತ್ತು ಮೂಳೆಗೆ ಹೋಗುತ್ತದೆ. ಜಾರುವ ನೆಲಕ್ಕೆ ಹೆದರುವ ಮಾಲೀಕರು ಗಟ್ಟಿ ನೆಲಕ್ಕೆ ಹೆದರುವುದಿಲ್ಲ. ನನ್ನ ಬಳಿ ಬರುವ ಮುರಿದ ಕಾಲುಗಳಲ್ಲಿ ಹೆಚ್ಚಿನವು ಗಟ್ಟಿ ನೆಲದವು.

ಪಾದಗಳೂ ಬೇರೆ ಬೇರೆ. ನಾಯಿಯ ಅಂಗಾಲು ಬರಿಯ ಮೆತ್ತೆ, ಜೊತೆಗೆ ಒಳಕ್ಕೆಳೆದುಕೊಳ್ಳಲಾಗದ ಉಗುರು. ಮೊಲದ ಅಂಗಾಲಿನಲ್ಲಿ ಮೆತ್ತೆಯೇ ಇಲ್ಲ, ದಟ್ಟ ಕೂದಲಿದೆ. ಕಲ್ಲು, ಕೂಳೆ, ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಆ ಕೂದಲು ಚಪ್ಪಲಿಯಂತೆ ಕಾಯುತ್ತದೆ.

ಆದರೆ ಎರೆ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಮಳೆ ಬಿದ್ದ ಮೇಲೆ ಲೆಕ್ಕ ತಿರುಗುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ; ನಡೆದು ನೋಡಿದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಚಪ್ಪಲಿ ಎರಡು ಕಿಲೋ ಆಗುತ್ತದೆ. ಮೊಲದ ಕೂದಲ ಪಾದಕ್ಕೂ ಅದೇ ಗತಿ. ನಾಯಿಗೂ ಸುಖವಿಲ್ಲ: ಭಾರದಿಂದ ಕಾಲು ಹೂತು, ಪ್ರತಿ ನೆಗೆತಕ್ಕೂ ಕಿತ್ತು ತೆಗೆಯಬೇಕು. ಅಲ್ಲಿ ಗಾಯ ಕಾಣಿಸುವುದು ಚರ್ಮದ ಮೇಲಲ್ಲ, ಒಳಗೆ. ತೊಡೆಯ ಒಳಭಾಗದ ಸ್ನಾಯು ಹರಿದು ಗಂಟು ಕಟ್ಟುತ್ತದೆ. ಮೈ ಪಳಗದ ನಾಯಿಯಾದರೆ ಸ್ನಾಯು ಕರಗಿ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕಂಡವರು ಬೆಳಗಾಗಲಿ ಎಂದು ಕಾಯಬಾರದು. ಮೂತ್ರಪಿಂಡ ಅಷ್ಟು ಹೊತ್ತು ಕಾಯುವುದಿಲ್ಲ.

ಅದೇ ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ. ನಾಯಿಯ ಕಾಲು ಇಳಿಯುವಷ್ಟು ಅಗಲದ ಬಿರುಕುಗಳಿರುತ್ತವೆ. ಎರೆಯಲ್ಲಿ ಬೇಸಿಗೆ ಓಟವೆಂದರೆ ನನಗೆ ಎಕ್ಸ್‌ರೇ ತೆಗೆಯುವ ಕೆಲಸ. ಮಸಾರಿ ಎಂಬ ಕೆಂಪು ಮಣ್ಣಿನ ನೆಲದ್ದು ಬೇರೆ ತರಲೆ: ಕೆಳಗೆ ಗಟ್ಟಿ ಗರಸು, ಮೇಲೆ ಸಡಿಲ ಹರಳು. ಮೆತ್ತೆ ಉಜ್ಜಿ ಉಜ್ಜಿ ತೆಳುವಾಗುತ್ತದೆ, ಹರಳು ಒಳಸೇರಿ ಕೀವಾಗುತ್ತದೆ.

ಇಂಗ್ಲೆಂಡಿನಲ್ಲಿ ಮೊಲದ ಹಿಂದೆ ನಾಯಿ ಬಿಡುವುದು ಅಚ್ಚುಕಟ್ಟಾದ ಪಂದ್ಯವಾಗಿತ್ತು. ಲಿವರ್‌ಪೂಲ್ ಬಳಿಯ ಗ್ರೇಟ್ ಆಲ್ಟ್‌ಕಾರ್‌ನ ತಗ್ಗು ಬಯಲಿನಲ್ಲಿ 1836ರಿಂದ 2005ರವರೆಗೆ ವಾಟರ್‌ಲೂ ಕಪ್ ನಡೆಯಿತು. ಜೋಡಿ ಗ್ರೇಹೌಂಡ್‌ಗಳನ್ನು ಒಟ್ಟಿಗೆ ಹಿಡಿದವನು ಮೊಲಕ್ಕೆ ದೂರ ಬಿಟ್ಟುಕೊಟ್ಟು ಕೊರಳಪಟ್ಟಿ ಸಡಿಲಿಸುತ್ತಿದ್ದ. ಕುದುರೆಯ ಮೇಲಿನ ತೀರ್ಪುಗಾರ ಮೊದಲು ಮೊಲ ತಲುಪಿದ್ದಕ್ಕೆ, ತಿರುಗಿಸಿದ್ದಕ್ಕೆ ಅಂಕ ಕೊಡುತ್ತಿದ್ದ. ಕೊಂದದ್ದೇ ಗೆಲುವು ಎಂದಿರಲಿಲ್ಲ. ಹೀಗಾಗಿ ಕೆಸರು ನೆಲ ಬಲಶಾಲಿ ನಾಯಿಗೆ, ಬಿಗಿ ಹುಲ್ಲು ನೆಲ ವೇಗದ ನಾಯಿಗೆ ಎಂಬ ಲೆಕ್ಕ ಬಾಜಿ ಕಟ್ಟುವವರಿಗಿತ್ತು. ನೆಲ ಹೆಪ್ಪುಗಟ್ಟಿದರೆ ಪಂದ್ಯವನ್ನೇ ಮುಂದೂಡುತ್ತಿದ್ದರು. ಮಾಸ್ಟರ್ ಮೆಗ್ರಾ ಎಂಬ ಐರಿಷ್ ನಾಯಿ 1868, 1869 ಮತ್ತು 1871ರಲ್ಲಿ ಆ ಕಪ್ ಗೆದ್ದಿತು. ನಡುವಿನ 1870ರಲ್ಲಿ ಆಲ್ಟ್ ನದಿಯ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು ಮುಳುಗುವುದರಲ್ಲಿತ್ತು. ಅಂಥ ನಾಯಿಗೂ ನೆಲ ಕೈಕೊಟ್ಟಿತ್ತು.

2005ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ನಿಷೇಧ ಬಂತು. ಐರ್ಲೆಂಡಿನಲ್ಲಿ ಪರವಾನಗಿ ಪಡೆದು, ಬೇಲಿ ಹಾಕಿದ ಹುಲ್ಲುಗಾವಲಿನಲ್ಲಿ, ನಾಯಿಯ ಬಾಯಿಗೆ ಕುಕ್ಕೆ ಕಟ್ಟಿ ನಡೆಸುತ್ತಾರೆ; ಕುಕ್ಕೆ ಕಡ್ಡಾಯವಾದದ್ದು 1993ರಲ್ಲಿ. ಕುಕ್ಕೆಯಿಂದ ಮೊಲಕ್ಕೆ ಒಂದಷ್ಟು ರಕ್ಷಣೆ ಸಿಕ್ಕಿರಬಹುದು, ನಾಯಿಯ ಕಾಲಿಗಂತೂ ಇಲ್ಲ.

ಟ್ರ್ಯಾಕಿನ ಗ್ರೇಹೌಂಡ್‌ಗಳು ಸದಾ ಎಡಕ್ಕೇ ತಿರುಗುವುದರಿಂದ ಅವುಗಳಲ್ಲಿ ಬಲ ಹಿಂಗಾಲಿನ ಹಿಮ್ಮಡಿ ಕೀಲಿನ ನಡುಮೂಳೆ ಮುರಿಯುವುದು ಹೆಚ್ಚು. ಹೊಲದಲ್ಲಿ ಓಡಿದ ನಾಯಿಗೆ ಅಂಥ ಕ್ರಮವಿಲ್ಲ, ನಾಲ್ಕೂ ಕಾಲನ್ನು ಒತ್ತಿ ನೋಡಬೇಕು. ಮಾಲೀಕರಿಗೆ ನಾನು ಹೇಳುವುದು ಇಷ್ಟು: ನಾಯಿ ಬಿಡುವ ಮೊದಲು ನೀವೇ ಬರಿಗಾಲಲ್ಲಿ ನಡೆಯಿರಿ. ಹಿಮ್ಮಡಿ ಒತ್ತಿದರೆ ಅರ್ಧ ಬೆರಳಷ್ಟು ತಗ್ಗಬೇಕು, ಎತ್ತಿದರೆ ಮಣ್ಣು ಅಂಟಿ ಬರಬಾರದು. ಹಿಮ್ಮಡಿ ಇಳಿಯದಿದ್ದರೂ, ಇಳಿದು ಏಳದಿದ್ದರೂ, ಹಗ್ಗ ಬಿಚ್ಚಬೇಡಿ.

ಆ ಯುವಕ ಹೊಲಿಗೆ ಬಿಚ್ಚಿಸಲು ಮತ್ತೆ ಬಂದ. ಇನ್ನು ಎಲ್ಲಿ ಓಡಿಸಲಿ ಎಂದು ಕೇಳಿದ. ಆರು ವಾರ ಬಿಟ್ಟು, ಹಳ್ಳದ ದಂಡೆಯಲ್ಲಿ ಮರಳು ಬೆರೆತ ಹುಲ್ಲುನೆಲವಿದೆಯಲ್ಲ, ಅಲ್ಲಿ ಬಟ್ಟೆಯ ಚಿಂದಿ ಎಳೆದು ಓಡಿಸು ಎಂದೆ. ಅವನು ನಾಯಿಯ ಬೆನ್ನು ಸವರುತ್ತಾ ಸ್ವಲ್ಪ ಹೊತ್ತು ಯೋಚಿಸಿದ.

"ಅಲ್ಲಿ ಮೊಲ ಇರುವುದಿಲ್ಲವಲ್ಲ, ಸಾಹೇಬರೇ."

"ಗೊತ್ತಿದ್ದೇ ಹೇಳಿದೆ" ಎಂದೆ.