ತುಕ್ಕು ಕಚ್ಚಿದ ಬ್ರೇಕ್ ಡ್ರಮ್ ಏಕೆ ಕದಲುವುದಿಲ್ಲ?

ಹಳೆಯ ಪಿಕಪ್ ವಾಹನದ ಹಿಂದಿನ ಚಕ್ರವನ್ನು ಕಳಚಿದ ಮೇಲೆ, ಒಳಗಿರುವ ಬ್ರೇಕ್ ಡ್ರಮ್, ಅಂದರೆ ಚಕ್ರದ ಜೊತೆ ತಿರುಗುವ ಬಟ್ಟಲಿನಾಕಾರದ ಕಬ್ಬಿಣದ ಭಾಗ, ಕೈಯಿಂದ ಎಳೆದರೆ ಹೊರಬರಬೇಕು. ಬಹುತೇಕ ವಾಹನಗಳಲ್ಲಿ ಅದನ್ನು ಬಿಗಿಯಾಗಿ ಹಿಡಿದಿಡುವುದು ಚಕ್ರದ ನಟ್‌ಗಳೇ. ಅವು ಆಗಲೇ ಬಿಚ್ಚಿವೆ. ಡ್ರಮ್ಮಿನ ನಡುವಿನ ರಂಧ್ರವೂ ಹಬ್‌ನ (ಚಕ್ರ ಕೂರುವ ನಡುಭಾಗದ) ಕೊರಳಿನ ಮೇಲೆ ಸಲೀಸಾಗಿ ಜಾರುವ ಅಳತೆಯಲ್ಲೇ ತಯಾರಾಗಿರುತ್ತದೆ. ಆದರೂ ವರ್ಷಗಟ್ಟಲೆ ಮಳೆ, ಕೆಸರು ಮತ್ತು ಹಿಮ ಬೀಳುವ ಸೀಮೆಗಳಲ್ಲಿ ರಸ್ತೆಗೆ ಎರಚುವ ಉಪ್ಪು ತಾಗಿದ ಗಾಡಿಗಳಲ್ಲಿ ಡ್ರಮ್ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಇಂಥ ಹೊತ್ತಿನಲ್ಲಿ ದೊಡ್ಡ ಸುತ್ತಿಗೆಗೆ ಕೈ ಹಾಕುವುದು ಸಹಜವಾದರೂ, ಒಡೆದ ಡ್ರಮ್ಮುಗಳಿಗೂ ಮುರಿದ ಬೋಲ್ಟ್‌ಗಳಿಗೂ ಕಾರಣ ಬಹುಪಾಲು ಆ ಅವಸರವೇ. ಅಲ್ಲಿ ಕೊರತೆಯಿರುವುದು ಬಲದ್ದಲ್ಲ, ಎರಡು ಲೋಹಗಳ ನಡುವೆ ಇರಬೇಕಾದ ಕೂದಲೆಳೆಯಷ್ಟು ಸಂದಿನದು.

ಆ ಸಂದು ಎಲ್ಲಿ ಹೋಯಿತು? ಕಬ್ಬಿಣ, ಆಮ್ಲಜನಕ ಮತ್ತು ನೀರು ಸೇರಿ ಹುಟ್ಟುವ ತುಕ್ಕಿಗೆ, ಅದು ಯಾವ ಕಬ್ಬಿಣದಿಂದ ಹುಟ್ಟಿತೋ ಅದಕ್ಕಿಂತ ಹೆಚ್ಚು ಜಾಗ ಬೇಕು. ಒಣ ಕಬ್ಬಿಣದ ಆಕ್ಸೈಡ್ ಮೂಲ ಲೋಹದ ಸುಮಾರು ಎರಡರಷ್ಟು ಜಾಗವನ್ನು ಆಕ್ರಮಿಸಿದರೆ, ನೀರಿನ ಅಂಶವನ್ನು ಹಿಡಿದಿಟ್ಟುಕೊಂಡ ತುಕ್ಕು ಅದಕ್ಕಿಂತಲೂ ಹೆಚ್ಚು ಉಬ್ಬಬಲ್ಲದು. ಬಂಡೆಯ ಬಿರುಕಿಗೆ ಬಡಿದ ಒಣಮರದ ಬೆಣೆ ನೀರು ಕುಡಿದು ಉಬ್ಬುತ್ತ ಬಂಡೆಯನ್ನು ಒತ್ತುವಂತೆ, ತುಕ್ಕೂ ಹಬ್ ಮತ್ತು ಡ್ರಮ್ಮಿನ ನಡುವೆ ಸೇರಿಕೊಂಡು ಎರಡನ್ನೂ ಒತ್ತಿ ಹಿಡಿಯುತ್ತದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಕ್ಕಟ್ಟಾದ ಸಂದಿಯ ಒಳಭಾಗಕ್ಕೆ ಗಾಳಿ ಸರಿಯಾಗಿ ತಲುಪದ ಕಾರಣ ಅಲ್ಲಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಾಯಿಯ ಬಳಿ ಹೆಚ್ಚು. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ ಕೋಶವನ್ನು ಸೃಷ್ಟಿಸಿ, ಆಮ್ಲಜನಕ ಕಡಿಮೆ ಇರುವ ಒಳಭಾಗದ ಕಬ್ಬಿಣವೇ ಹೆಚ್ಚು ಕರಗುವಂತೆ ಮಾಡುತ್ತದೆ. ನೀರಿನಲ್ಲಿ ಉಪ್ಪು ಬೆರೆತಿದ್ದರೆ ಅದರ ವಿದ್ಯುದ್ವಾಹಕತೆ ಹೆಚ್ಚಿ ಕೆಲಸ ಇನ್ನೂ ಚುರುಕಾಗುತ್ತದೆ. ಹೀಗಾಗಿ ಕಣ್ಣಿಗೆ ಕಾಣುವ ಕೆಂಪು ಪುಡಿಗಿಂತ ಕಾಣದ ಜಾಗದ ತುಕ್ಕೇ ಹೆಚ್ಚು ಕಾಟ ಕೊಡುತ್ತದೆ.

ಆದರೆ ಡ್ರಮ್ ಬಾರದಿರುವುದಕ್ಕೆ ತುಕ್ಕೊಂದೇ ಕಾರಣ ಎಂದುಕೊಳ್ಳುವ ಮುನ್ನ ಇನ್ನೊಂದನ್ನು ಪರೀಕ್ಷಿಸಬೇಕು. ಬ್ರೇಕ್ ಹಾಕಿದಾಗ ಡ್ರಮ್ಮನ್ನು ಒಳಗಿನಿಂದ ಒತ್ತುವ ಬಾಗಿದ ತುಂಡುಗಳಾದ ಬ್ರೇಕ್ ಶೂಗಳು ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಸವೆಯುತ್ತದೆ, ಶೂ ತಾಗದ ಒಳ ಅಂಚು ಮಾತ್ರ ಮೊದಲಿನ ಮಟ್ಟದಲ್ಲೇ ಉಳಿದು ಒಂದು ದಡದಂತೆ ಏಳುತ್ತದೆ. ಸವೆತಕ್ಕೆ ತಕ್ಕಂತೆ ಹೊರಕ್ಕೆ ಸರಿದಿರುವ ಶೂಗಳು ಈ ದಡದ ಹಿಂದೆ ಸಿಕ್ಕಿಕೊಂಡಿರುವುದರಿಂದ, ಹಬ್‌ನ ಬಳಿ ಡ್ರಮ್ ಸಂಪೂರ್ಣ ಸಡಿಲವಾಗಿದ್ದರೂ ಹೊರಗೆ ಬರುವುದಿಲ್ಲ. ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವೇನಲ್ಲ: ಡ್ರಮ್ ಕೆಲವು ಮಿಲಿಮೀಟರ್ ಹೊರಬಂದು ನಿಂತರೆ ದಡ ಅಡ್ಡ ಬಂದಿದೆ ಎಂದು ತಿಳಿಯಬಹುದು; ಕಿಂಚಿತ್ತೂ ಅಲುಗದಿದ್ದರೆ ಹಬ್‌ನಲ್ಲಿ ತುಕ್ಕು ಕಚ್ಚಿದೆ ಎಂದು ಮೊದಲು ಶಂಕಿಸಬೇಕು. ದಡದ ತೊಂದರೆಗೆ ಸುತ್ತಿಗೆಯಿಂದ ಪ್ರಯೋಜನವಿಲ್ಲ. ಹ್ಯಾಂಡ್ ಬ್ರೇಕನ್ನು ಬಿಟ್ಟು, ವಾಹನ ಉರುಳದಂತೆ ಉಳಿದ ಚಕ್ರಗಳಿಗೆ ತಡೆ ಕೊಟ್ಟು, ಸಾಮಾನ್ಯವಾಗಿ ಹಿಂಬದಿಯ ತಗಡಿನಲ್ಲಿ ರಬ್ಬರ್ ಮುಚ್ಚಿರುವ ಸಣ್ಣ ಕಿಂಡಿಯ ಮೂಲಕ ಸ್ಕ್ರೂಡ್ರೈವರ್ ತೂರಿಸಿ ಹಲ್ಲುಗಾಲಿಯ ಅಡ್ಜಸ್ಟರನ್ನು ತಿರುಗಿಸಿದರೆ ಶೂಗಳು ಒಳಕ್ಕೆ ಸರಿಯುತ್ತವೆ. ಸ್ವಯಂಚಾಲಿತ ಅಡ್ಜಸ್ಟರ್ ಇದ್ದಲ್ಲಿ ಅದರ ತಡೆಗೊಕ್ಕೆಯನ್ನು ಇನ್ನೊಂದು ಸಲಕರಣೆಯಿಂದ ಎತ್ತಿ ಹಿಡಿಯದ ಹೊರತು ಗಾಲಿ ಹಿಂದಕ್ಕೆ ತಿರುಗುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ.

ಅಡ್ಡಿ ಹಬ್‌ನಲ್ಲೇ ಇದೆ ಎಂದಾದರೆ ಸುತ್ತಿಗೆಗೆ ಕೆಲಸವಿದೆ, ಆದರೆ ಎಲ್ಲಿ ಬಡಿಯಬೇಕೆಂಬುದು ಮುಖ್ಯ. ಡ್ರಮ್ಮನ್ನು ಸಾಮಾನ್ಯವಾಗಿ ಬೂದು ಎರಕದ ಕಬ್ಬಿಣದಿಂದ ಮಾಡುತ್ತಾರೆ. ಅದರೊಳಗೆ ಇಂಗಾಲವು ಗ್ರಾಫೈಟ್‌ನ ತೆಳು ಚಕ್ಕೆಗಳಾಗಿ ಹರಡಿರುವುದರಿಂದ ಅದು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಕಂಪನವನ್ನು ಹೀರುತ್ತದೆ, ಒತ್ತಡವನ್ನು ಬಲು ಚೆನ್ನಾಗಿ ತಾಳುತ್ತದೆ. ಎಳೆತ ಬಂದರೆ ಮಾತ್ರ ಅದೇ ಚಕ್ಕೆಗಳು ಬಿರುಕಿನ ಮೊದಲ ಹೆಜ್ಜೆಯಾಗುತ್ತವೆ. ಒತ್ತಡವನ್ನು ತಾಳುವ ಅದರ ಶಕ್ತಿ ಎಳೆತ ತಾಳುವ ಶಕ್ತಿಯ ಮೂರು ನಾಲ್ಕು ಪಟ್ಟು. ಆದ್ದರಿಂದ ಡ್ರಮ್ಮಿನ ಅಂಚಿಗೆ ಹಿಂದಿನಿಂದ ಹೊಡೆದರೆ ಅಂಚು ಬಾಗಿ ಚೂರು ಹಾರುತ್ತದೆ. ಚಕ್ರದ ಬೋಲ್ಟ್‌ಗಳ ನಡುವಿನ ಸಮತಟ್ಟಾದ ಮುಖದ ಮೇಲೆ ಸುತ್ತಲೂ ಸಣ್ಣ, ಚುರುಕಾದ ಏಟುಗಳನ್ನು ಹಾಕಿದರೆ ಆ ಆಘಾತದ ಅಲೆ ತುಕ್ಕಿನ ಪದರವನ್ನು ತಲುಪುತ್ತದೆ. ತುಕ್ಕು ಲೋಹದಂತೆ ಬಾಗುವ ವಸ್ತುವಲ್ಲ, ಪುಡಿಯಾಗುವ ವಸ್ತು. ಒಂದು ಭಾರೀ ಹೊಡೆತಕ್ಕಿಂತ ಇಂಥ ಹಲವು ಏಟುಗಳೇ ಅದನ್ನು ಚೆನ್ನಾಗಿ ಬಿರಿಸುತ್ತವೆ. ಕೆಲವು ಡ್ರಮ್ಮುಗಳ ಮುಖದಲ್ಲಿ ಥ್ರೆಡ್ ಇರುವ ಎರಡು ಖಾಲಿ ರಂಧ್ರಗಳಿರುತ್ತವೆ. ಅವುಗಳಿಗೆ ಬೋಲ್ಟ್ ಹಾಕಿ ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಹೋದರೆ ಡ್ರಮ್ ತಾನಾಗಿ ಹಬ್‌ನಿಂದ ದೂರ ಸರಿಯುತ್ತದೆ. ತಯಾರಕರೇ ಕೊಟ್ಟ ಈ ದಾರಿ ಬಹಳಷ್ಟು ಜನರ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ಆ ರಂಧ್ರಗಳೂ ಕೆಸರಿನಿಂದ ಮುಚ್ಚಿಹೋಗಿರುವುದು.

ಇನ್ನು ಎಣ್ಣೆ. ಕಿರಿದಾದ ಸಂದಿಯೊಳಗೆ ದ್ರವವನ್ನು ಎಳೆದೊಯ್ಯುವುದು ಲೋಮನಾಳ ಕ್ರಿಯೆ. 1918ರಲ್ಲಿ ಲೂಕಾಸ್ ಮತ್ತು 1921ರಲ್ಲಿ ವಾಷ್‌ಬರ್ನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ ನಿಯಮದ ಪ್ರಕಾರ ದ್ರವ ಇಳಿಯುವ ಆಳವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ: ಒಂದು ಗಂಟೆಯಲ್ಲಿ ಇಳಿದ ಆಳದ ಎರಡರಷ್ಟು ಇಳಿಯಲು ನಾಲ್ಕು ಗಂಟೆ, ಮೂರರಷ್ಟಕ್ಕೆ ಒಂಬತ್ತು ಗಂಟೆ ಬೇಕು. ಎಣ್ಣೆ ಹಾಕಿದ ಐದೇ ನಿಮಿಷಕ್ಕೆ ಸ್ಪ್ಯಾನರ್ ಹಿಡಿಯುವವರು ಸೋಲುವುದು ಇದರಿಂದಲೇ. ಹಿಂದಿನ ಸಂಜೆಯೇ ಎಣ್ಣೆ ಬಿಟ್ಟು, ನಡುನಡುವೆ ತಟ್ಟಿ, ಮತ್ತೆ ಬಿಡುವುದು ಲೇಸು. ತೆಳುವಾದ, ಲೋಹವನ್ನು ಚೆನ್ನಾಗಿ ತೋಯಿಸುವ ಎಣ್ಣೆ ಇದಕ್ಕೆ ಸೂಕ್ತ. ಎಲ್ಲೆಡೆ ಸಿಗುವ ಡಬ್ಲ್ಯೂಡಿ-40 ಎಂಬ ದ್ರವ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರೂಪುಗೊಂಡದ್ದು ಲೋಹದಿಂದ ನೀರನ್ನು ಹೊರದೂಡಿ ತುಕ್ಕು ಬಾರದಂತೆ ತಡೆಯಲು. ಬಂದ ತುಕ್ಕನ್ನು ಬಿಡಿಸಲೆಂದೇ ತಯಾರಾದ ಎಣ್ಣೆಗಳು ಬೇರೆಯೇ ಇವೆ. ಎಣ್ಣೆ ಯಾವುದಾದರೂ ಸರಿ, ಶೂಗಳ ಮೇಲಿನ ಉಜ್ಜುವ ಪದರವಾದ ಬ್ರೇಕ್ ಲೈನಿಂಗ್‌ಗೆ ತಾಗಬಾರದು.

ಎಣ್ಣೆಗೂ ಜಗ್ಗದಿದ್ದರೆ ಶಾಖ. ಎರಕದ ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು 11 ಭಾಗ ಹಿಗ್ಗುತ್ತದೆ. 60 ಮಿಲಿಮೀಟರ್ ವ್ಯಾಸದ ರಂಧ್ರದ ಸುತ್ತ ಉಷ್ಣತೆಯನ್ನು 200 ಡಿಗ್ರಿ ಏರಿಸಿದರೆ ರಂಧ್ರ ಸುಮಾರು 0.13 ಮಿಲಿಮೀಟರ್ ಅಗಲವಾಗುತ್ತದೆ, ಬಹಳ ಸಲ ಅಷ್ಟೇ ಸಾಕು. ಆದರೆ ಹಬ್ ಕೂಡ ಅಷ್ಟೇ ಕಾದರೆ ಅದೂ ಹಿಗ್ಗಿ ಗಳಿಸಿದ್ದು ಕಳೆದುಹೋಗುತ್ತದೆ. ಆದ್ದರಿಂದ ಹೊರಗಿನ ಡ್ರಮ್ಮನ್ನು ಮಾತ್ರ ಬೇಗನೆ ಕಾಯಿಸಬೇಕು. ಇಲ್ಲಿ ಅಪಾಯಗಳೂ ಇವೆ. ಬೇರಿಂಗ್‌ನ ಗ್ರೀಸ್ ಕರಗುತ್ತದೆ, ರಬ್ಬರ್ ಸೀಲುಗಳು ಸುಡುತ್ತವೆ, ಬ್ರೇಕ್ ದ್ರವಕ್ಕೂ ಮೊದಲು ಬಿಟ್ಟ ಎಣ್ಣೆಗೂ ಬೆಂಕಿ ತಗುಲಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಜ್ವಾಲೆ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಡ್ರಮ್ ಹೊರಬಂದ ಮೇಲೆ ಒಳಗಿನ ಧೂಳನ್ನು ಊದಬಾರದು, ಗಾಳಿಯ ಪೈಪೂ ಹಿಡಿಯಬಾರದು. ಹಳೆಯ ಲೈನಿಂಗ್‌ಗಳಲ್ಲಿ ಉಸಿರಿಗೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿರುವುದರಿಂದ ಒದ್ದೆ ಮಾಡಿ ಒರೆಸುವುದೇ ಕ್ರಮ.

ಅತಿ ನಾಜೂಕಾದ ಕೆಲಸ ಇನ್ನೂ ಉಳಿದಿರುತ್ತದೆ, ಅದು ದ್ರವದ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಬ್ಲೀಡರ್ ಸ್ಕ್ರೂ. ಗಾಳಿ ಮತ್ತು ದ್ರವ ಹೊರಹೋಗಲು ಅದರ ನಡುವೆ ಉದ್ದಕ್ಕೂ ರಂಧ್ರ ಕೊರೆದಿರುವುದರಿಂದ ಅದು ನೋಡಲು ಬೋಲ್ಟ್, ಒಳಗೆ ಟೊಳ್ಳು ನಳಿಗೆ. ತಿರುಚುವಿಕೆಯನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 10 ಮಿಲಿಮೀಟರಿನ ಗಟ್ಟಿ ಬೋಲ್ಟ್ ತುಕ್ಕಿನಿಂದ ಸವೆದು 8 ಮಿಲಿಮೀಟರ್ ಆದರೆ ಆ ಶಕ್ತಿ ಅರ್ಧಕ್ಕಿಳಿಯುತ್ತದೆ ಎಂದಾಗ, ಸಣ್ಣದೂ ಟೊಳ್ಳೂ ಆದ ಈ ಸ್ಕ್ರೂ ಉದ್ದ ಹಿಡಿಯ ಸ್ಪ್ಯಾನರಿಗೆ ಎಷ್ಟು ಹೊತ್ತು ಬಾಳೀತು? ಅನುಭವಿ ಮೆಕ್ಯಾನಿಕ್‌ಗಳು ಆ ರಂಧ್ರಕ್ಕೆ ಸರಿಹೊಂದುವ ಡ್ರಿಲ್ ಬಿಟ್‌ನ ನಯವಾದ ತುದಿಯನ್ನು ತೂರಿಸಿ, ಗೋಡೆಗಳು ಒಳಕ್ಕೆ ಕುಸಿಯದಂತೆ ಆಸರೆ ಕೊಟ್ಟು, ಮೇಲಿನಿಂದ ಹಗುರಾಗಿ ತಟ್ಟುತ್ತಾರೆ. ಆರು ಮುಖಗಳನ್ನೂ ತಬ್ಬಿ ಹಿಡಿಯುವ ಸಾಕೆಟ್ ಹಾಕಿ, ಮೊದಲು ಬಿಗಿಸುವ ದಿಕ್ಕಿಗೆ ತುಸು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ಹಿಂದೆ ಮುಂದೆ ಆಡಿಸುತ್ತ ಹೋದಾಗ ಥ್ರೆಡ್‌ನೊಳಗಿನ ತುಕ್ಕು ಪುಡಿಯಾಗುತ್ತದೆ. ನನ್ನ ಮಟ್ಟಿಗೆ, ಸಿಲಿಂಡರನ್ನೇ ಬದಲಿಸುವುದಿದ್ದರೆ ಈ ಸ್ಕ್ರೂವಿನ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಆಗ ಆ ತಾಳ್ಮೆಯನ್ನೆಲ್ಲ ಬ್ರೇಕ್ ಪೈಪಿನ ನಟ್‌ಗೆ ಮೀಸಲಿಡಬೇಕು. ತುಕ್ಕು ಆ ನಟ್ ಮತ್ತು ಪೈಪನ್ನು ಒಂದಾಗಿಸಿದ್ದರೆ, ನಟ್ ತಿರುಗುವಾಗ ತೆಳು ಪೈಪೂ ಜೊತೆಗೇ ತಿರುಚಿ ಹರಿಯುತ್ತದೆ.

ಮತ್ತೆ ಜೋಡಿಸುವಾಗ ಹಬ್‌ನ ಕೊರಳಿನ ತುಕ್ಕನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆದು, ತುಕ್ಕುನಿರೋಧಕ ಪೇಸ್ಟನ್ನು ತೆಳ್ಳಗೆ ಸವರಿದರೆ ಮುಂದಿನ ಸಲ ಡ್ರಮ್ ಸುಲಭವಾಗಿ ಬರುತ್ತದೆ. ಅದೇ ಪೇಸ್ಟನ್ನು ಚಕ್ರದ ಬೋಲ್ಟ್‌ಗಳಿಗೂ ಹಚ್ಚುವ ಅಭ್ಯಾಸ ಹಲವರಿಗಿದೆ, ಅದು ಸರಿಯಲ್ಲ. ನಟ್ ಬಿಗಿಸುವಾಗ ನಾವು ಹಾಕುವ ಬಲದಲ್ಲಿ ಸುಮಾರು ಶೇಕಡಾ 90ರಷ್ಟು ಘರ್ಷಣೆಗೇ ಖರ್ಚಾಗಿ, ಬೋಲ್ಟನ್ನು ಎಳೆದು ಬಿಗಿ ಮಾಡುವುದು ಉಳಿದ ಶೇಕಡಾ 10ರಷ್ಟು ಮಾತ್ರ. ತಯಾರಕರು ಸೂಚಿಸುವ ಬಿಗಿತ ಸಾಮಾನ್ಯವಾಗಿ ಒಣ ಥ್ರೆಡ್‌ನ ಘರ್ಷಣೆಯನ್ನು ಲೆಕ್ಕ ಹಾಕಿದ್ದು. ಪೇಸ್ಟ್ ಹಚ್ಚಿ ಘರ್ಷಣೆ ತಗ್ಗಿಸಿದರೆ, ಅದೇ ಬಿಗಿತದಲ್ಲಿ ಬೋಲ್ಟ್ ತಾಳಬೇಕಾದದ್ದಕ್ಕಿಂತ ಬಹಳ ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ.