ನಲವತ್ತೊಂಬತ್ತಕ್ಕೆ ನಿಂತ ಲೆಕ್ಕ: ರಾಕಿ ಮಾರ್ಸಿಯಾನೊ ನಿವೃತ್ತಿ ಕುರಿತ ಅಧ್ಯಯನ ಟಿಪ್ಪಣಿ

1956ರ ಏಪ್ರಿಲ್ 27ರಂದು ನ್ಯೂಯಾರ್ಕಿನಲ್ಲಿ ಬಾಕ್ಸಿಂಗ್‌ನ ಹೆವಿವೇಟ್ ವಿಶ್ವ ಚಾಂಪಿಯನ್ ರಾಕಿ ಮಾರ್ಸಿಯಾನೊ ಅವರು ತಮ್ಮ 32ನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಆಡಿದ ಪಂದ್ಯಗಳು 49, ಗೆದ್ದವು 49, ಅವುಗಳಲ್ಲಿ ನಾಕೌಟ್ (ಎದುರಾಳಿ ಮುಂದುವರಿಯಲಾಗದೆ ಪಂದ್ಯ ಮುಗಿಯುವುದು) 43. ಬೆಂಗಳೂರಿನಲ್ಲಿ ಕ್ರೀಡಾ ಇತಿಹಾಸ ಓದುತ್ತಿರುವ ನಮ್ಮ ಗುಂಪಿನಲ್ಲಿ ಈ ಪಾಠ ಚರ್ಚೆಗೆ ಬಂದಾಗ ಎಲ್ಲರ ಬಾಯಲ್ಲೂ 49 ಎಂಬ ಅಂಕಿ ಇತ್ತು. ನಿವೃತ್ತಿಯ ದಿನಾಂಕ ಮಾತ್ರ ಯಾರಿಗೂ ನೆನಪಿರಲಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲು ಓದಬೇಕಾದದ್ದು ಆ ದಿನಾಂಕವನ್ನು. ಆ ಅಂಕಿಯನ್ನು ರಿಂಗ್ ಎಷ್ಟರಮಟ್ಟಿಗೆ ರೂಪಿಸಿತೋ, ರಿಂಗಿಗೆ ಮತ್ತೆ ಕಾಲಿಡಬಾರದೆಂಬ ನಿರ್ಧಾರವೂ ಅಷ್ಟೇ ರೂಪಿಸಿತು.

ಮೊದಲು ವಯಸ್ಸಿನ ಲೆಕ್ಕವನ್ನು ಸರಿಮಾಡಿಕೊಳ್ಳೋಣ. ಮಾರ್ಸಿಯಾನೊ ಹುಟ್ಟಿದ್ದು 1923ರ ಸೆಪ್ಟೆಂಬರ್ 1ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್‌ಟನ್ ಎಂಬ ಊರಿನಲ್ಲಿ. ಆ ಊರು ಹೆಸರಾದದ್ದು ಪಾದರಕ್ಷೆಯ ಕಾರ್ಖಾನೆಗಳಿಗೆ, ಅವರ ತಂದೆಯೂ ಅಂಥದೇ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಇಟಲಿ ಮೂಲದ ಕಾರ್ಮಿಕ. ಮಗನ ಆಸೆಯಿದ್ದದ್ದು ಬೇಸ್‌ಬಾಲ್ ಮೇಲೆ. 1947ರಲ್ಲಿ ವೃತ್ತಿಪರ ಬೇಸ್‌ಬಾಲ್ ತಂಡದ ಆಯ್ಕೆಗೆ ಹೋಗಿ, ಅಲ್ಲಿ ಉಳಿಯಲಾಗದೆ ಮರಳಿದರು. ಅದೇ ವರ್ಷ ಮಾರ್ಚ್‌ನಲ್ಲಿ ಬೇರೆ ಹೆಸರಿನಲ್ಲಿ ಒಂದು ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿದ್ದರಾದರೂ, ಎರಡನೆಯ ಪಂದ್ಯ ನಡೆದದ್ದು 1948ರ ಜುಲೈನಲ್ಲಿ, ಅಂದರೆ ಅವರಿಗೆ 25 ತುಂಬಲು ಒಂದೆರಡು ತಿಂಗಳು ಬಾಕಿಯಿದ್ದಾಗ. ಅಲ್ಲಿಂದ 1955ರ ಸೆಪ್ಟೆಂಬರ್‌ವರೆಗಿನ ಏಳು ವರ್ಷಗಳ ಚಿಲ್ಲರೆ ಅವಧಿಯಲ್ಲಿ 48 ಪಂದ್ಯಗಳು ಮುಗಿದವು. ಆದ್ದರಿಂದ ಇದನ್ನು 'ಅಕಾಲ ನಿವೃತ್ತಿ' ಎಂದು ಬರೆಯುವಾಗ ಎಚ್ಚರವಿರಲಿ: ಹುಟ್ಟಿದ ದಿನಾಂಕದಿಂದ ಎಣಿಸಿದರೆ ಅದು ಬೇಗ ಎನ್ನಿಸುತ್ತದೆ, ಮೈ ತಿಂದ ಪೆಟ್ಟಿನಿಂದ ಎಣಿಸಿದರೆ ಹಾಗೆನ್ನಿಸುವುದಿಲ್ಲ.

ಆ ಪೆಟ್ಟಿನ ಲೆಕ್ಕ ಅರ್ಥವಾಗಲು ಅವರ ಆಟದ ಬಗೆಯನ್ನು ನೋಡಬೇಕು. ಎತ್ತರ ಸುಮಾರು 179 ಸೆಂಟಿಮೀಟರ್, ತೂಕ ಸುಮಾರು 84–85 ಕಿಲೋ. ಈಗಿನ ನಿಯಮಗಳ ಪ್ರಕಾರ ಅವರು ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಿದ್ದರು. ಎರಡೂ ತೋಳುಗಳನ್ನು ಚಾಚಿದಾಗ ತುದಿಯಿಂದ ತುದಿಗೆ 68 ಇಂಚಿನಷ್ಟು ಮಾತ್ರ, ಅವರಿಗಿಂತ ಹಿಂದಿನ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಅವರದು 76 ಇಂಚು. ದೂರದಿಂದ ಹೊಡೆಯುವ ಅನುಕೂಲವಿಲ್ಲದ ಇಂಥವರಿಗೆ ತರಬೇತುದಾರ ಚಾರ್ಲಿ ಗೋಲ್ಡ್‌ಮನ್ ಕಲಿಸಿದ್ದು ಬಾಗಿ ಒಳನುಗ್ಗುವುದನ್ನು. ಕರಗದ ವೀರಕುಮಾರರು ಮೈ ಹದಮಾಡಿಕೊಳ್ಳುವ ನಮ್ಮ ಪೇಟೆಯ ಗರಡಿಮನೆಗಳಲ್ಲಿ ಕುಸ್ತಿ ಕಂಡವರಿಗೆ ಇದನ್ನು ವಿವರಿಸುವುದು ಸುಲಭ: ಗಿಡ್ಡನೆಯ ಪೈಲ್ವಾನ ಎತ್ತರದ ಎದುರಾಳಿಯ ತೋಳಿನಡಿಗೆ ನುಸುಳಿ, ಅವನ ಉದ್ದವೇ ಅವನಿಗೆ ತೊಡಕಾಗುವಂತೆ ಮಾಡುತ್ತಾನಲ್ಲ, ಅದೇ ತಂತ್ರ. ವ್ಯತ್ಯಾಸವೆಂದರೆ ಬಾಕ್ಸಿಂಗ್‌ನಲ್ಲಿ ಒಳಗೆ ನುಸುಳುವ ದಾರಿಯುದ್ದಕ್ಕೂ ಗುದ್ದು ಬೀಳುತ್ತಿರುತ್ತದೆ. ಎರಡು ತಿಂದು ಒಂದು ಕೊಡುವ ಈ ಆಟದಲ್ಲಿ, ಕೊಡುವ ಆ ಒಂದೇ ಬಲಗೈ ಗುದ್ದಿನಲ್ಲಿ ಪಂದ್ಯ ಮುಗಿಯುವಂತಿರಬೇಕು. ಆ ಬಲಗೈಗೆ ಅವರ ಬಳಗದವರು 'ಸೂಸಿ ಕ್ಯೂ' ಎಂದು ಹೆಸರಿಟ್ಟಿದ್ದರು.

1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಾಟ್ ಅವರಿಂದ ಪಟ್ಟ ಗೆದ್ದ ಪಂದ್ಯ ಇದಕ್ಕೆ ಅತ್ಯುತ್ತಮ ಉದಾಹರಣೆ. ಮೊದಲ ಸುತ್ತಿನಲ್ಲೇ ಮಾರ್ಸಿಯಾನೊ ನೆಲಕ್ಕೆ ಬಿದ್ದರು, ವೃತ್ತಿಯಲ್ಲಿ ಅದೇ ಮೊದಲ ಬಾರಿ. ಹನ್ನೆರಡು ಸುತ್ತು ಮುಗಿದಾಗ ತೀರ್ಪುಗಾರರೆಲ್ಲರ ಅಂಕಪಟ್ಟಿಯಲ್ಲೂ ಅವರು ಹಿಂದಿದ್ದರು. ಹದಿಮೂರನೆಯ ಸುತ್ತಿನಲ್ಲಿ, ವಾಲ್ಕಾಟ್ ಹಗ್ಗಕ್ಕೆ ಒರಗುತ್ತಿದ್ದಂತೆ, ಒಂದು ಬಲಗೈ ಗುದ್ದು; ಅಲ್ಲಿಗೆ ಎಲ್ಲವೂ ಮುಗಿಯಿತು. ಪಟ್ಟವನ್ನು ಮುಂದೆ ಆರು ಬಾರಿ ಉಳಿಸಿಕೊಂಡರು. 1954ರ ಜೂನ್‌ನಲ್ಲಿ ಎಜರ್ಡ್ ಚಾರ್ಲ್ಸ್ ಮಾತ್ರ 15 ಸುತ್ತು ಪೂರ್ತಿ ನಿಂತರು; ಮೂರೇ ತಿಂಗಳ ನಂತರದ ಮರುಪಂದ್ಯದಲ್ಲಿ ಮಾರ್ಸಿಯಾನೊ ಅವರ ಮೂಗು ಸೀಳಿ ರಕ್ತ ನಿಲ್ಲದೆ, ಪಂದ್ಯವನ್ನೇ ನಿಲ್ಲಿಸುವ ಸ್ಥಿತಿ ಎದುರಾದಾಗ ಎಂಟನೆಯ ಸುತ್ತಿನಲ್ಲಿ ಚಾರ್ಲ್ಸ್ ಅವರನ್ನು ಕೆಡವಿ ಗೆದ್ದರು. 1955ರ ಸೆಪ್ಟೆಂಬರ್ 21ರಂದು ಯಾಂಕಿ ಸ್ಟೇಡಿಯಂನಲ್ಲಿ ಆರ್ಚಿ ಮೂರ್ ಎದುರು ಎರಡನೆಯ ಸುತ್ತಿನಲ್ಲಿ ಬಿದ್ದು, ಒಂಬತ್ತನೆಯ ಸುತ್ತಿನಲ್ಲಿ ಗೆದ್ದರು. ಅದೇ ಕೊನೆಯ ಪಂದ್ಯವಾಯಿತು.

ನನಗೆ ಇಡೀ ಪಾಠದ ತಿರುಳೆನ್ನಿಸುವುದು ಪಟ್ಟ ಸಿಗುವ ಮೊದಲೇ ನಡೆದ ಒಂದು ಪಂದ್ಯ. ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದು, 25 ಬಾರಿ ಪಟ್ಟ ಉಳಿಸಿಕೊಂಡು, ಪಟ್ಟದಲ್ಲಿರುವಾಗಲೇ ನಿವೃತ್ತರಾಗಿದ್ದರು. ಆದರೆ ಆದಾಯ ತೆರಿಗೆಯ ಬಾಕಿ ಅವರನ್ನು ಮರುವರ್ಷವೇ ರಿಂಗಿಗೆ ಎಳೆತಂದಿತು. 1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, 37 ವರ್ಷದ ಲೂಯಿಸ್ ಅವರನ್ನು ಎಂಟನೆಯ ಸುತ್ತಿನಲ್ಲಿ ಹಗ್ಗದಾಚೆಗೆ ಬೀಳುವಂತೆ ಹೊಡೆದದ್ದು ಮಾರ್ಸಿಯಾನೊ ಅವರೇ. ಬಾಲ್ಯದಿಂದ ಆರಾಧಿಸಿದ ವ್ಯಕ್ತಿಯನ್ನು ಸೋಲಿಸಿದ ಅವರು ಪಂದ್ಯದ ನಂತರ ಲೂಯಿಸ್ ಅವರ ಕೋಣೆಗೆ ಹೋಗಿ ಕಣ್ಣೀರಿಟ್ಟರೆಂದು ಹೇಳಲಾಗುತ್ತದೆ. ನಿವೃತ್ತಿಯಾಗಿ ಮರಳಿದವರ ಗತಿಯನ್ನು ಕೈಯಳತೆಯ ದೂರದಲ್ಲಿ, ತಮ್ಮದೇ ಕೈಯ ಕೆಲಸವಾಗಿ ಕಂಡವರು ಅವರು. ನಾಲ್ಕೂವರೆ ವರ್ಷಗಳ ನಂತರದ ನಿರ್ಧಾರದ ಹಿಂದೆ ಆ ರಾತ್ರಿಯ ನೆನಪು ಇದ್ದಿರಬೇಕೆಂಬುದು ನನ್ನ ಊಹೆ. ಪರೀಕ್ಷೆಯಲ್ಲಿ ಬರೆಯುವುದಾದರೆ ಊಹೆಯೆಂದೇ ಬರೆಯಿರಿ.

ಅವರು ಬಹಿರಂಗವಾಗಿ ಕೊಟ್ಟ ಕಾರಣ ಸಂಸಾರ. ವರ್ಷದ ಬಹುಭಾಗ ತರಬೇತಿ ಶಿಬಿರದಲ್ಲಿ ಕಳೆಯುತ್ತಿದ್ದ ಅವರಿಗೆ ಹೆಂಡತಿ ಮತ್ತು ಪುಟ್ಟ ಮಗಳ ಜೊತೆ ಇರಬೇಕೆನ್ನಿಸಿತ್ತು. ಬೆನ್ನುನೋವು ಇತ್ತು, ಗಳಿಕೆಯ ಅರ್ಧಪಾಲು ಪಡೆಯುತ್ತಿದ್ದ ಮ್ಯಾನೇಜರ್ ಅಲ್ ವೀಲ್ ಜೊತೆಗಿನ ಸಂಬಂಧವೂ ಹಳಸಿತ್ತು. 1959ರಲ್ಲಿ ಇಂಗೆಮಾರ್ ಜೊಹಾನ್ಸನ್ ಹೊಸ ಚಾಂಪಿಯನ್ ಆದಾಗ ಮರಳುವ ಯೋಚನೆ ಮೂಡಿ, ಒಂದು ತಿಂಗಳಷ್ಟು ತರಬೇತಿಯನ್ನೂ ಮಾಡಿ, ಕೈಬಿಟ್ಟರು. 1956ರ ಘೋಷಣೆಗಿಂತ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ದಣಿದಾಗ ಬಿಡುವುದು ಒಂದು ಮಾತು. ವಿಶ್ರಾಂತಿಯ ನಂತರ ಆಸೆ ಮತ್ತೆ ಚಿಗುರಿದಾಗ, ಮೈಯ ಸ್ಥಿತಿಯನ್ನು ಪರೀಕ್ಷಿಸಿ ನೋಡಿ ಬಿಡುವುದು ಬೇರೆಯೇ ಮಾತು.

ಆಕ್ಷೇಪವನ್ನೂ ನ್ಯಾಯವಾಗಿ ಗಮನಿಸಬೇಕು. ಲೂಯಿಸ್ 37ರಲ್ಲಿದ್ದರು, ಪಟ್ಟ ಕಳೆದುಕೊಂಡಾಗ ವಾಲ್ಕಾಟ್ 38ರಲ್ಲಿದ್ದರು, ಚಾರ್ಲ್ಸ್ ತಮ್ಮ ಉತ್ತಮ ದಿನಗಳನ್ನು ದಾಟಿದ್ದರು, ಮೂರ್ ಮೂಲತಃ ಕೆಳಗಿನ ತೂಕದ ವಿಭಾಗವಾದ ಲೈಟ್ ಹೆವಿವೇಟ್‌ನ ಚಾಂಪಿಯನ್, ಅವರಿಗೂ ವಯಸ್ಸಾಗಿತ್ತು. ಹೀಗಾಗಿ ಆ 49 ಗೆಲುವುಗಳ ತೂಕ ಕಡಿಮೆಯೆಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಎದುರಾಳಿಗಳ ವಯಸ್ಸನ್ನು ಅವರು ಆರಿಸಿಕೊಳ್ಳಲಿಲ್ಲ; ಆ ಕಾಲದಲ್ಲಿ ಸವಾಲು ಹಾಕುವ ಸಾಲಿನಲ್ಲಿ ನಿಂತಿದ್ದವರು ಅವರೇ. ಇನ್ನೂ ನಾಲ್ಕು ವರ್ಷ ಆಡಿದ್ದರೆ ಫ್ಲಾಯ್ಡ್ ಪ್ಯಾಟರ್ಸನ್ ಅವರಂಥ ಹುಡುಗರು ಎದುರಾಗುತ್ತಿದ್ದರು ಎಂಬುದು ನಿಜ. ಖಾಲಿಯಾದ ಪಟ್ಟವನ್ನು 1956ರ ನವೆಂಬರ್‌ನಲ್ಲಿ ಮೂರ್ ಅವರನ್ನೇ ಸೋಲಿಸಿ ಗೆದ್ದಾಗ ಪ್ಯಾಟರ್ಸನ್‌ಗೆ ಕೇವಲ 21 ವರ್ಷ. ಆ ಪಂದ್ಯ ನಡೆಯದಿರುವುದು ಮಾರ್ಸಿಯಾನೊ ಅವರ ದಾಖಲೆಯಲ್ಲಿ ಉಳಿದ ಖಾಲಿ ಜಾಗ, ಅದನ್ನು ಅಭಿಮಾನಿಗಳೂ ಒಪ್ಪಬೇಕು.

ದಾಖಲೆಯ ಸಮೀಪಕ್ಕೆ ಬಂದವರನ್ನು ನೋಡಿದಾಗ ಅದರ ಬೆಲೆ ತಿಳಿಯುತ್ತದೆ. ಲ್ಯಾರಿ ಹೋಮ್ಸ್ 48 ಪಂದ್ಯ ಸತತವಾಗಿ ಗೆದ್ದು, 49ನೆಯದಕ್ಕೆ ಇಳಿದದ್ದು 1985ರ ಸೆಪ್ಟೆಂಬರ್ 21ರಂದು, ಮೂರ್ ಪಂದ್ಯ ನಡೆದು ಸರಿಯಾಗಿ 30 ವರ್ಷಕ್ಕೆ. ಮೈಕೆಲ್ ಸ್ಪಿಂಕ್ಸ್ ಎದುರು ಸೋತರು. 2017ರಲ್ಲಿ ಫ್ಲಾಯ್ಡ್ ಮೇವೆದರ್ 50ನೆಯ ಗೆಲುವು ಪಡೆದರು, ಆದರೆ ಅವರು ಹೆವಿವೇಟ್ ಅಲ್ಲ, ಮತ್ತು ಆ 50ನೆಯ ಎದುರಾಳಿ ಕಾನರ್ ಮೆಕ್‌ಗ್ರೆಗರ್ ಅವರಿಗೆ ಅದು ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯವಾಗಿತ್ತು.

ಇನ್ನೊಮ್ಮೆ ಮಾತ್ರ ಮಾರ್ಸಿಯಾನೊ ಗ್ಲೌಸ್ ತೊಟ್ಟರು. 1969ರಲ್ಲಿ, ಕಂಪ್ಯೂಟರ್ ಲೆಕ್ಕ ಹಾಕಿದ ಕಾಲ್ಪನಿಕ ಪಂದ್ಯವೊಂದರ ಚಿತ್ರೀಕರಣಕ್ಕಾಗಿ, ಸಾಕಷ್ಟು ತೂಕ ಇಳಿಸಿ, ವಿಗ್ ಧರಿಸಿ, ಮುಹಮ್ಮದ್ ಅಲಿ ಅವರೆದುರು ಒಂದೊಂದು ನಿಮಿಷದ ಹಲವಾರು ಸುತ್ತುಗಳಲ್ಲಿ ಗುದ್ದಾಟವನ್ನು ಅಭಿನಯಿಸಿದರು. ಅದು ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, 46ನೆಯ ಹುಟ್ಟುಹಬ್ಬದ ಹಿಂದಿನ ದಿನ, ಅಯೋವಾ ರಾಜ್ಯದ ನ್ಯೂಟನ್ ಬಳಿ ಸಣ್ಣ ವಿಮಾನವೊಂದು ಉರುಳಿ ತೀರಿಕೊಂಡರು. ಚಿತ್ರ ಪ್ರದರ್ಶನಗೊಂಡದ್ದು 1970ರ ಜನವರಿಯಲ್ಲಿ. ಅಮೆರಿಕದ ಚಿತ್ರಮಂದಿರಗಳಲ್ಲಿ ಅಂದು ಅವರು ಹದಿಮೂರನೆಯ ಸುತ್ತಿನಲ್ಲಿ, ವಾಲ್ಕಾಟ್ ಅವರನ್ನು ಕೆಡವಿದ ಅದೇ ಸುತ್ತಿನಲ್ಲಿ, ಗೆದ್ದರು. ಆ ಗೆಲುವನ್ನು ಯಾವ ದಾಖಲೆ ಪುಸ್ತಕವೂ ಸೇರಿಸಿಕೊಂಡಿಲ್ಲ; ಲೆಕ್ಕ 49ರಲ್ಲೇ ಇದೆ.